ಕಾದಂಬರಿಯ ಕಾಲ, ಕಿರುತೆರೆಯ ಕಾಲ



ಹೆಸರಾಂತ ಕಾದಂಬರಿಯೊಂದು ಕಿರುತೆರೆಯ ಧಾರಾವಾಹಿಯಾಗಿ ಬಂದಾಗಲೆಲ್ಲ ಸಾಹಿತ್ಯಾಭಿಮಾನಿಗಳ ನಡುವೆ ಏಳುವ ಮೊದಲ ಪ್ರಶ್ನೆ, ‘ಪುಸ್ತಕದಲ್ಲಿದ್ದಂತೆಯೇ ಇದೆಯೆ?’ ಎಂಬುದು. ಪ್ರಶ್ನೆ ಸಹಜವಾದದ್ದೇ. ಓದಿದವನ ಮನಸ್ಸಿನಲ್ಲಿ ಆಗಲೇ ಒಂದು ಮನೆ ಕಟ್ಟಿರುತ್ತದೆ, ಒಂದು ಮುಖ ಮೂಡಿರುತ್ತದೆ. ತೆರೆಯ ಮೇಲಿನ ಮನೆ ಬೇರೆಯಾದರೆ, ಮುಖ ಬೇರೆಯಾದರೆ, ತನ್ನದೇನನ್ನೋ ಕಸಿದುಕೊಂಡಂತೆ ಅವನಿಗೆ ತೋರುತ್ತದೆ. ಆದರೆ ಕಳೆದ ಕಾಲದ ಬದುಕನ್ನು ಹೇಳುವ ಕಾದಂಬರಿಗಳ ವಿಷಯದಲ್ಲಿ ಇದಕ್ಕಿಂತ ತುಸು ಆಳವಾದ ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗಿದೆ: ಆ ಕಾಲ ನಿಜವಾಗಿ ಅಲ್ಲಿದೆಯೆ, ಅಥವಾ ಅದರ ಉಡುಗೆ ತೊಡುಗೆ ಮಾತ್ರ ಇದೆಯೆ? ಇಂದಿನ ನನ್ನ ಮಾತು ಈ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ಧಾರಾವಾಹಿಯೆಂಬ ರೂಪ ಕಾದಂಬರಿಗೆ ಪರಕೀಯವಾದುದಲ್ಲ. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ 1836-37ರಲ್ಲಿ ತಿಂಗಳಿಗೊಂದು ಕಂತಾಗಿ ಓದುಗರ ಕೈ ಸೇರಿತು. ನಮ್ಮಲ್ಲಿಯೂ ಎಷ್ಟೋ ಕಾದಂಬರಿಗಳು ವಾರಪತ್ರಿಕೆಗಳ ಪುಟಗಳಲ್ಲಿ ಮೊದಲು ಬೆಳಕು ಕಂಡವು. ಮುಂದಿನ ಸಂಚಿಕೆಗಾಗಿ ಕಾಯುವ ಆ ಏಳು ದಿನಗಳಲ್ಲಿ ಪಾತ್ರಗಳು ಓದುಗನ ಮನೆಯಲ್ಲೇ ವಾಸಿಸುತ್ತಿದ್ದವು. ಹೀಗಾಗಿ ದೊಡ್ಡ ಕಾದಂಬರಿಯೊಂದು ಕಂತುಕಂತಾಗಿ ತೆರೆಗೆ ಬರುವುದೆಂದರೆ ತನ್ನ ತವರಿಗೆ ಮರಳಿ ಬಂದಂತೆಯೇ ಸರಿ. 1967ರಲ್ಲಿ ಬಿಬಿಸಿ ಗಾಲ್ಸ್‌ವರ್ದಿಯ ‘ಫೋರ್ಸೈಟ್ ಸಾಗಾ’ವನ್ನು 26 ಕಂತುಗಳಲ್ಲಿ ಪ್ರಸಾರ ಮಾಡಿತು. ಒಂದು ಕುಟುಂಬದ ತಲೆಮಾರುಗಳ ಕಥೆಗೆ ಅಷ್ಟು ವಿಸ್ತಾರ ಬೇಕೆಂಬುದನ್ನು ಆ ಕಪ್ಪುಬಿಳುಪು ಧಾರಾವಾಹಿ ಲೋಕಕ್ಕೆ ತೋರಿಸಿಕೊಟ್ಟಿತು. ಎರಡೂವರೆ ಗಂಟೆಯ ಚಲನಚಿತ್ರಕ್ಕೆ ಒಂದು ತಲೆಮಾರು ಮುದಿಯಾಗುವುದನ್ನು ಹೇಳುವಷ್ಟು ಪುರುಸೊತ್ತು ಇರುವುದಿಲ್ಲ. ಧಾರಾವಾಹಿಗೆ ಆ ಪುರುಸೊತ್ತು ಇದೆ.

ನಮ್ಮ ದೇಶದಲ್ಲಿ ದೂರದರ್ಶನ ಮನೆಮನೆಗೆ ಬಂದ 1980ರ ದಶಕದಲ್ಲಿಯೇ ಈ ರೂಪದ ಶಕ್ತಿಯೂ ಅದರ ಅಪಾಯವೂ ಅರಿವಾದವು. ಭೀಷ್ಮ ಸಾಹನಿಯವರ ‘ತಮಸ್’ ಕಾದಂಬರಿಯನ್ನು ಗೋವಿಂದ ನಿಹಲಾನಿಯವರು ತೆರೆಗೆ ತಂದಾಗ, 1988ರಲ್ಲಿ, ಪ್ರಸಾರವನ್ನು ತಡೆಯಬೇಕೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿ ಪ್ರಸಾರವನ್ನು ಎತ್ತಿಹಿಡಿಯಿತು. ಕಪಾಟಿನಲ್ಲಿ ಹಲವು ವರ್ಷ ಮೌನವಾಗಿದ್ದ ಪುಸ್ತಕ ಪರದೆಗೆ ಬಂದೊಡನೆ ವಿವಾದಕ್ಕೆ ಒಳಗಾಯಿತೆಂದರೆ, ಕಳೆದ ಕಾಲದ ಚಿತ್ರಕ್ಕೆ ಇರುವ ಬಲ ಎಷ್ಟೆಂಬುದನ್ನು ಊಹಿಸಬಹುದು.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ತೀರ ಸಮೀಪದ ನಿದರ್ಶನವೊಂದಿದೆ. ಬಾರ್ಕೂರಿನಿಂದ ಹೊರಟು ಬ್ರಹ್ಮಾವರ, ಹೆಬ್ರಿ, ಸೋಮೇಶ್ವರಗಳ ದಾರಿಯಾಗಿ ಘಟ್ಟ ಹತ್ತಿದರೆ ಸಿಗುವ ಆಗುಂಬೆಯಲ್ಲಿ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದರು. 1980ರ ದಶಕದ ನಡುಭಾಗ ಅದು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲದ ಊರು. ಆ ಊರಿಗೆ ಆಗುಂಬೆಯ ಬೀದಿ, ಜಗಲಿ, ಮಾಡು, ಮಳೆಗಳು ಮೈಯಾಗಿ ಒದಗಿದವು. ಆಗುಂಬೆಗೆ ರೈಲಿಲ್ಲ. ರೈಲಿಲ್ಲದ ಮಾಲ್ಗುಡಿಯೂ ಇಲ್ಲ. ಆದ್ದರಿಂದ ರೈಲು ನಿಲ್ದಾಣಕ್ಕಾಗಿ ಅದೇ ಶಿವಮೊಗ್ಗ ಜಿಲ್ಲೆಯ ಅರಸಾಳಿಗೆ ಹೋದರು. ಊರ ನಡುವೆ ಸರ್ ಫ್ರೆಡರಿಕ್ ಲಾಲಿಯೆಂಬ ಕಲ್ಪಿತ ಆಂಗ್ಲ ಅಧಿಕಾರಿಯ ಪ್ರತಿಮೆ ಎದ್ದು ನಿಂತಿತು. ಗಿರೀಶ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತನಾಗ್ ಮೊದಲಾದ ನಮ್ಮ ಕಲಾವಿದರು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತನಾಡಿದರು. ಎಲ್. ವೈದ್ಯನಾಥನ್ ಅವರ ಸಂಗೀತ ಹಾಗೂ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು ಅದಕ್ಕೆ ಕೂಡಿಕೊಂಡವು. ಬಾಲಕ ಸ್ವಾಮಿಯಾಗಿ ನಟಿಸಿದ ಮಾಸ್ಟರ್ ಮಂಜುನಾಥನ ಮುಖವಿಲ್ಲದೆ 1935ರ ಆ ಕಾದಂಬರಿಯನ್ನು ಇಂದು ಓದುವುದು ಹಲವರಿಗೆ ಸಾಧ್ಯವೇ ಇಲ್ಲ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಇಲ್ಲದ ಊರಿಗೆ ಇರುವ ಊರು ವಿಳಾಸವಾಯಿತು.

ಇದರಲ್ಲಿ ಯಾರಿಗೂ ನಷ್ಟವಾಗಲಿಲ್ಲ. ಮಾಲ್ಗುಡಿ ಎಲ್ಲಿಯೂ ಇರಲಿಲ್ಲವಾದುದರಿಂದ ಅದರ ನೆನಪು ಯಾರಲ್ಲಿಯೂ ಇರಲಿಲ್ಲ. ‘ನಮ್ಮಜ್ಜಿಯ ಕಾಲದಲ್ಲಿ ಮಾಲ್ಗುಡಿ ಹೀಗಿರಲಿಲ್ಲ’ ಎಂದು ಹೇಳುವ ಮೊಮ್ಮಗ ಎಲ್ಲಿಯೂ ಇಲ್ಲ. ನಿರ್ದೇಶಕ ಕಟ್ಟಿದ್ದೇ ಊರು, ತೋರಿಸಿದ್ದೇ ಸತ್ಯ. ಆದರೆ ಎಲ್ಲ ಕಾದಂಬರಿಗಳಿಗೂ ಈ ಸೌಲಭ್ಯವಿಲ್ಲ.

ಆಗುಂಬೆಯಿಂದ ಘಟ್ಟವಿಳಿದು ಮತ್ತೆ ನಮ್ಮ ಕರಾವಳಿಗೆ ಬರೋಣ. ಬಾರ್ಕೂರಿಗೆ ಅನತಿದೂರದಲ್ಲಿ, ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ ಇರುವ ಕೋಡಿ ಎಂಬ ಊರಿದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ನೆಲ ಅದು. 1940ರ ದಶಕದ ಆರಂಭದಲ್ಲಿ ಬೆಳಕು ಕಂಡ ಈ ಕೃತಿಯಲ್ಲಿ ಮೂರು ತಲೆಮಾರುಗಳ ಬದುಕಿದೆ. ಪೌರೋಹಿತ್ಯದ ರಾಮ ಐತಾಳರು, ಅವರ ಮಗ ಲಚ್ಚ, ಮೊಮ್ಮಗ ರಾಮ ಇವರು ಗಂಡಸರ ಸಾಲು. ಐತಾಳರ ವಿಧವೆ ತಂಗಿ ಸರಸೋತಿ, ಮೊದಲ ಹೆಂಡತಿ ಪಾರೋತಿ, ಎರಡನೆಯ ಹೆಂಡತಿ ಸತ್ಯಭಾಮೆ, ಸೊಸೆ ನಾಗವೇಣಿ ಇವರು ಆ ಮನೆಯನ್ನು ಹೊತ್ತವರ ಸಾಲು. ಕಾರಂತರು ಹುಟ್ಟಿದ್ದು 1902ರಲ್ಲಿ, ಪಕ್ಕದ ಕೋಟದಲ್ಲಿ. ಅವರು ಬರೆದ ಗದ್ದೆ, ಮರಳು, ಮಳೆ, ಹೊಳೆಗಳು ಕಲ್ಪನೆಯವಲ್ಲ, ಕಣ್ಣಾರೆ ಕಂಡವು. ಸರಸೋತಿಯಂತೆ ಬದುಕಿದವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಬ್ರಹ್ಮಾವರ, ಸಾಲಿಗ್ರಾಮ, ಕುಂದಾಪುರಗಳಲ್ಲಿ ಇದ್ದಾರೆ. ಇಂಥ ಕಾದಂಬರಿಯನ್ನು ತೆರೆಗೆ ತರುವವನು ಬರಿದಾದ ಬಯಲಲ್ಲಿ ಊರು ಕಟ್ಟುತ್ತಿಲ್ಲ. ಇರುವ ನೆನಪಿನ ಮೇಲೆ ಚಿತ್ರ ಬರೆಯುತ್ತಿದ್ದಾನೆ. ನೆನಪು ದುರ್ಬಲ, ಚಿತ್ರ ಪ್ರಬಲ. ನೆನಪಿಟ್ಟುಕೊಂಡವರು ಒಬ್ಬೊಬ್ಬರಾಗಿ ಮರೆಯಾದ ಮೇಲೆ ಉಳಿಯುವುದು ಚಿತ್ರವೊಂದೇ. ಅದು ಸುಳ್ಳಾದರೆ ಸುಳ್ಳೇ ನಮ್ಮ ಪೂರ್ವೇತಿಹಾಸವಾಗಿ ನಿಲ್ಲುತ್ತದೆ. ಈ ಹೊಣೆಯ ದೃಷ್ಟಿಯಿಂದಲೇ ನಾವು ಇಂಥ ಧಾರಾವಾಹಿಗಳನ್ನು ವಿಮರ್ಶಿಸಬೇಕೆಂದು ನನ್ನ ಅಭಿಮತ.

ಮೊದಲಿಗೆ ಕಣ್ಣಿಗೆ ಕಾಣುವ ವಸ್ತುಗಳ ವಿಚಾರ. ನಮ್ಮ ಆಲಂಕಾರಿಕರಲ್ಲಿ ಕ್ಷೇಮೇಂದ್ರ ಔಚಿತ್ಯವನ್ನೇ ಕಾವ್ಯದ ಜೀವವೆಂದು ಎಣಿಸಿದವನು. ಕಾಲೌಚಿತ್ಯ, ದೇಶೌಚಿತ್ಯಗಳನ್ನೂ ಅವನು ಎಣಿಕೆಗೆ ತಂದುಕೊಂಡ. ಕಿರುತೆರೆಗೆ ಇದು ಅಕ್ಷರಶಃ ಅನ್ವಯಿಸುತ್ತದೆ. ‘ಮಂಗಳೂರು ಹಂಚು’ ಎಂದು ಇಂದು ನಾವು ಕರಾವಳಿಯ ಗುರುತಾಗಿ ಹೇಳಿಕೊಳ್ಳುವ ಕೆಂಪು ಹಂಚನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮಾಡತೊಡಗಿದ್ದು 1865ರಲ್ಲಿ. ಅದು ಹಳ್ಳಿಯ ಸಾಮಾನ್ಯರ ಮಾಡಿಗೆ ಏರಲು ಇನ್ನೂ ಬಹುಕಾಲ ಹಿಡಿಯಿತು. ಅದುವರೆಗೆ ಮುಳಿಹುಲ್ಲು, ತೆಂಗಿನ ಸೋಗೆಗಳೇ ಮಳೆಯಿಂದ ಕಾಪಾಡಬೇಕಾಗಿತ್ತು. ಹಳೆಯ ಕಾಲವೆಂದೊಡನೆ ಊರಿಗೆ ಊರೇ ಹಂಚಿನ ಮಾಡುಗಳಿಂದ ಕಂಗೊಳಿಸುವಂತೆ ತೋರಿಸಿದರೆ, ಪ್ರೇಕ್ಷಕನ ಕಣ್ಣಿಗೆ ಹಬ್ಬವಾಗುತ್ತದೆ. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹುಲ್ಲು ಹೊದೆಸುವ ಆತಂಕ, ಒಂದು ಮನೆಗೆ ಮೊದಲು ಹಂಚು ಬಂದಾಗ ನೆರೆಮನೆಯಲ್ಲಿ ಏಳುವ ಕರುಬು ಎಲ್ಲವೂ ಅಳಿಸಿಹೋಗುತ್ತವೆ. ಒಂದು ವಸ್ತುವನ್ನು ತಪ್ಪಿ ಇಟ್ಟರೆ ಒಂದು ಮನೋಭಾವವೇ ಇಲ್ಲವಾಗುತ್ತದೆ ಎಂಬುದಕ್ಕೆ ಇದು ದೃಷ್ಟಾಂತ.

ವಸ್ತುಗಳಿಗಿಂತ ದೊಡ್ಡದು ದುಡಿಮೆ. ಕಾಲದ ನಿಜವಾದ ಲಯ ಇರುವುದು ಅಲ್ಲಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಈಟಿವಿ ಕನ್ನಡ ವಾಹಿನಿಗಾಗಿ ಧಾರಾವಾಹಿಯಾಗಿ ನಿರ್ದೇಶಿಸಿದರು. ಹಳೆಯ ಮೈಸೂರು ಸೀಮೆಯ ಹಳ್ಳಿಯೊಂದರ ಆ ಕಥೆಯಲ್ಲಿ ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕವನ್ನು ಗಂಡನ ಹೆಸರಿನಲ್ಲಿ ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುತ್ತಾಳೆ. ಪ್ಲೇಗು ಬಂದು ಬೆಳೆದ ಮಕ್ಕಳನ್ನು ಒಯ್ಯುತ್ತದೆ, ಕೊನೆಗೆ ಅವಳನ್ನೂ ಒಯ್ಯುತ್ತದೆ. ಇಂಥ ಕಾದಂಬರಿ ಧಾರಾವಾಹಿಯನ್ನೇ ಬೇಡುತ್ತದೆಂಬುದಕ್ಕೆ ಕಾರಣವಿದೆ. ಎಲೆ ಹಚ್ಚುವುದನ್ನು ಒಮ್ಮೆ ತೋರಿಸಿದರೆ ಅದೊಂದು ದೃಶ್ಯ. ಹತ್ತು ಸಲ, ಹಬ್ಬದ ದಿನವೂ ಸಾವಿನ ಮಾರನೆಯ ದಿನವೂ ತೋರಿಸಿದರೆ ಅದೊಂದು ಬದುಕು. ಪುನರಾವೃತ್ತಿ ನಾಟಕಕಾರನಿಗೆ ಶತ್ರುವೆನ್ನುತ್ತಾರೆ. ದುಡಿಯುವ ಹೆಂಗಸಿನ ಕಥೆಗೆ ಮಾತ್ರ ಅದೇ ಪ್ರಾಣ. ‘ಮರಳಿ ಮಣ್ಣಿಗೆ’ಯ ಪಾರೋತಿ, ಸರಸೋತಿಯರನ್ನು ತೆರೆಯ ಮೇಲೆ ಕಾಣಿಸುವವನಿಗೂ ಇದೇ ಪರೀಕ್ಷೆ ಕಾದಿದೆ. ತಲೆಗೆ ಗೊರಬು ಹಾಕಿ ಮಳೆಯಲ್ಲಿ ಬಾಗಿ ನಿಂತ ನಟ್ಟಿಯ ಹೆಂಗಸರ ಸಾಲು ಛಾಯಾಗ್ರಾಹಕನಿಗೆ ಒಂದು ನಿಮಿಷದ ರಮ್ಯ ದೃಶ್ಯ. ಬಾಗಿದವರಿಗೆ ಅದು ದಿನವಿಡೀ ಬಗ್ಗಿಸಿದ ಸೊಂಟ. ಈ ಎರಡರ ನಡುವಣ ಅಂತರವನ್ನು ಪ್ರೇಕ್ಷಕನಿಗೆ ಮನಗಾಣಿಸಬಲ್ಲ ನಿರ್ದೇಶಕ ಕಾದಂಬರಿಯನ್ನು ನಿಜವಾಗಿ ಓದಿದ್ದಾನೆ ಎನ್ನಬಹುದು.

ಸೌಂದರ್ಯದ ಪ್ರಲೋಭನೆ ಇಲ್ಲಿ ಬಲು ದೊಡ್ಡದು. ಚಾವಡಿಯ ಕಂಬಗಳು, ತುಳಸಿಕಟ್ಟೆ, ಹಿತ್ತಾಳೆಯ ದೀಪ, ಕೆತ್ತನೆಯ ಬಾಗಿಲು, ಇವು ತೆರೆಯ ಮೇಲೆ ಎಷ್ಟು ಚೆನ್ನ! ಆ ದೀಪದ ಬೆಳಕು ತಲೆ ಬೋಳಿಸಿಕೊಂಡು ಕೆಂಪು ಸೀರೆ ಹೊದ್ದು ಒಳಗೋಣೆಯಲ್ಲಿ ಕೂತ ವಿಧವೆಯ ಮೇಲೂ ಬೀಳುತ್ತದೆ. ಹಿನ್ನೆಲೆಯಲ್ಲಿ ವೀಣೆ ನುಡಿಯುತ್ತದೆ. ನೋಡುವವನ ಕಣ್ಣು ತೇವವಾಗುತ್ತದೆ. ಆದರೆ ಅವನ ಮನಸ್ಸಿನಲ್ಲಿ ಉಳಿಯುವುದು ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂಬ ಹಂಬಲ. ಇದು ಅನ್ಯಾಯ. ಸರಸೋತಿಯ ಮೇಲೆ ನಮಗೆ ಗೌರವ ಹುಟ್ಟುವುದು ಅವಳ ದುಡಿಮೆಯಿಂದ, ಅವಳ ವಿವೇಕದಿಂದ. ಅವಳಿಗೆ ಬಂದ ವೈಧವ್ಯದ ಕಟ್ಟುಪಾಡು ಚಿತ್ರಕ್ಕೆ ಕಟ್ಟಿದ ಚೌಕಟ್ಟಾಗಬಾರದು. ಕಾರಂತರು ಅವಳನ್ನು ಕನಿಕರಕ್ಕಾಗಿ ಬರೆದವರಲ್ಲ.

ಇನ್ನೊಂದು ಮಾತು. ಹಳೆಯ ಕಾಲದ ಧಾರಾವಾಹಿಗೆ ಸಿಗುವ ದೊಡ್ಡ ಮನೆ ಯಾವಾಗಲೂ ಒಳಗಿನಿಂದಲೇ ಕಾಣುತ್ತದೆ. ಅದೇ ಮನೆಯನ್ನು ಅಂಗಳದ ಆಚೆ ನಿಂತು ನೋಡಿದವರಿದ್ದರು. ಗೇಣಿಯ ಅಕ್ಕಿಮುಡಿ ಹೊತ್ತು ತಂದವರು, ಅಂಗಳಕ್ಕೂ ಬರಲಾಗದವರು. 1975ರಲ್ಲಿ ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು ಚಲನಚಿತ್ರವಾಗಿಸಿದಾಗ ಕ್ಯಾಮೆರಾ ನಿಂತದ್ದು ಆ ಆಚೆಯ ಕಡೆ. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು. ಒಂದು ತುಂಡು ನೆಲವನ್ನು ತಾನೇ ಉಳಬೇಕೆಂಬ ಚೋಮನ ಆಸೆ ಎಷ್ಟು ಸಣ್ಣದು, ಅದು ಕೈಗೂಡದ ಲೋಕ ಎಷ್ಟು ದೊಡ್ಡದು ಎಂಬುದನ್ನು ಆ ಕಪ್ಪುಬಿಳುಪು ಚಿತ್ರ ಯಾವ ಅಲಂಕಾರವೂ ಇಲ್ಲದೆ ಹೇಳಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾಗತೊಡಗಿದ ಮೇಲೆ ನಮ್ಮ ಕರಾವಳಿಯ ಸಂಬಂಧಗಳೇ ಬದಲಾದವು. ಅದಕ್ಕೂ ಹಿಂದಿನ ಕಾಲವನ್ನು ತೋರಿಸುವವರು ಯಾವ ಕಡೆ ನಿಂತು ನೋಡುತ್ತಿದ್ದೇವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಚಾವಡಿಯಿಂದ ಕಂಡ ಕಾಲ ಬೇರೆ, ಅಂಗಳದಿಂದ ಕಂಡ ಕಾಲ ಬೇರೆ.

ಇನ್ನು ನುಡಿ. ಬಾರ್ಕೂರು ತುಳುವೂ ಕುಂದಗನ್ನಡವೂ ಕೈಹಿಡಿದು ನಡೆಯುವ ನೆಲ. ಸೀತಾನದಿಯ ಈ ದಡದಿಂದ ಬಡಗಕ್ಕೆ ಹೋದಂತೆ ಕುಂದಗನ್ನಡದ ಪ್ರಾಬಲ್ಯ. ಹಳಗನ್ನಡದ ‘ಪೋಪ’, ‘ಬರ್ಪ’ ಎಂಬ ರೂಪಗಳು ಇಲ್ಲಿ ‘ಹೋಪ’, ‘ಬಪ್ಪ’ ಎಂದು ಇಂದಿಗೂ ಜನರ ನಾಲಗೆಯ ಮೇಲೆ ಬಾಳುತ್ತಿವೆ. ವಿದ್ಯಾರ್ಥಿ ಪಂಪನ ಕಾವ್ಯದಲ್ಲಿ ಕಷ್ಟಪಟ್ಟು ಕಲಿಯುವ ವ್ಯಾಕರಣ ಇಲ್ಲಿ ಗದ್ದೆಯ ಅಂಚಿನಲ್ಲಿ ಕೇಳಿಬರುತ್ತದೆ. ಇಂಥ ನೆಲದ ಕಾದಂಬರಿ ತೆರೆಗೆ ಬಂದಾಗ ಪಾತ್ರಗಳೆಲ್ಲ ಬೆಂಗಳೂರಿನ ಬಡಾವಣೆಯ ಮಾತನ್ನಾಡಿದರೆ, ಕಂಬ, ಬಾಗಿಲು, ಸೀರೆಗಳು ಎಷ್ಟು ಸರಿಯಾಗಿದ್ದರೇನು? ಹಾಗೆಂದು ಪ್ರತಿ ಮಾತನ್ನೂ ಅಪ್ಪಟ ಪ್ರಾಂತಭಾಷೆಯಲ್ಲಿಯೇ ಆಡಿಸಬೇಕೆಂದು ನಾನು ಹಟ ಹಿಡಿಯುವವನಲ್ಲ. ಬೀದರಿನ ಪ್ರೇಕ್ಷಕನಿಗೂ ಅದು ತಿಳಿಯಬೇಕಲ್ಲ! ಆದರೆ ಪ್ರಾಂತಭಾಷೆಯನ್ನು ಅಡುಗೆಯವನಿಗೂ ವಿದೂಷಕನಿಗೂ ಮೀಸಲಿಟ್ಟು, ಪ್ರೀತಿ, ಮರಣಗಳ ಸಂದರ್ಭ ಬಂದೊಡನೆ ಗ್ರಂಥಭಾಷೆಗೆ ಹಾರುವ ಚಾಳಿ ಇದೆಯಲ್ಲ, ಅದು ಸಲ್ಲದು. ಈ ಜನ ತಮ್ಮ ದುಃಖವನ್ನೂ ತಮ್ಮ ನುಡಿಯಲ್ಲಿಯೇ ಪಟ್ಟವರು.

ಮೂಲಕೃತಿಯಿಂದ ಒಂದಕ್ಷರವೂ ಅಲುಗಕೂಡದೆಂದು ನನ್ನ ವಾದವೆ? ಅಲ್ಲ. 1995ರ ಬಿಬಿಸಿ ಧಾರಾವಾಹಿಯಾದ ಜೇನ್ ಆಸ್ಟೆನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ನಾಯಕ ಕೊಳಕ್ಕೆ ಧುಮುಕಿ ಒದ್ದೆಯಾಗಿ ಬರುವ ಪ್ರಸಂಗವನ್ನು ಲೋಕವೆಲ್ಲ ನೆನೆಯುತ್ತದೆ. ಆಸ್ಟೆನ್ನಳ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಚಿತ್ರಕಥೆ ಬರೆದ ಆಂಡ್ರ್ಯೂ ಡೇವಿಸ್ ಅದನ್ನು ಸೇರಿಸಿದ. ಬಿಗುಮಾನದ ಆ ಮನುಷ್ಯ ಅನಿರೀಕ್ಷಿತವಾಗಿ ನಾಯಿಕೆಯ ಎದುರು ಮುಜುಗರಗೊಳ್ಳುವುದು ಕಾದಂಬರಿಯಲ್ಲಿಯೂ ಉಂಟು. ಸೇರಿಸಿದ ದೃಶ್ಯ ಆ ಮುಜುಗರವನ್ನು ಕಣ್ಣಿಗೆ ಕಾಣಿಸಿತು. ನಮ್ಮ ನಾಡಿನಲ್ಲಿ ಇದೇನೂ ಹೊಸ ಮಾತಲ್ಲ. ವ್ಯಾಸರ ಕಥೆಯನ್ನು ಪಂಪ ತನ್ನ ಅರಸನಿಗೆ ಹೊಂದಿಸಿದ, ಕುಮಾರವ್ಯಾಸ ತನ್ನ ಕೃಷ್ಣನಿಗೆ ಹೊಂದಿಸಿದ. ಯಕ್ಷಗಾನದ ಅರ್ಥಧಾರಿ ಪ್ರತಿ ರಾತ್ರಿಯೂ ಅದೇ ಪದ್ಯಕ್ಕೆ ಹೊಸ ಮಾತು ಪೋಣಿಸುತ್ತಾನೆ. ನಾವು ಬೇಸರಪಡುವುದು ಅವನು ಮಾತು ಸೇರಿಸಿದ್ದಕ್ಕಲ್ಲ, ಪಾತ್ರದ ಸ್ವಭಾವ ಮರೆತದ್ದಕ್ಕೆ. ಧಾರಾವಾಹಿಗೂ ಇದೇ ಅಳತೆಗೋಲು ಸಾಕು. ಬದಲಾವಣೆ ಮಾಡುವ ಅಧಿಕಾರವಿದೆ. ಆ ಕಾಲದ ಜನರ ದುಡಿಮೆಯನ್ನೂ ನೋವನ್ನೂ ಹಗುರ ಮಾಡುವ ಅಧಿಕಾರವಿಲ್ಲ.

ಬಾರ್ಕೂರಿನಲ್ಲಿ ವಾಸಿಸುವವರಿಗೆ ಈ ವಿವೇಚನೆ ತುಸು ಸುಲಭವಾಗಿ ಎಟಕುತ್ತದೆ ಎಂದು ನನಗನಿಸುವುದುಂಟು. ಆಳುಪರ ರಾಜಧಾನಿ, ವಿಜಯನಗರದ ಕಾಲದ ಬಾರಕೂರು ರಾಜ್ಯದ ನೆಲೆ, 14ನೆಯ ಶತಮಾನದಲ್ಲಿ ಇಬ್ನ್ ಬತೂತಾ ‘ಫಾಕನೂರ್’ ಎಂದು ಹೆಸರಿಸಿದ ಬಂದರು ನಗರ ಇದು. ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ, ಮಣಿಗಾರಕೇರಿಗಳಲ್ಲಿ ಇಂದಿಗೂ ಗುಡಿಗಳಿವೆ, ಶಾಸನಗಳಿವೆ, ಕತ್ತಲೆ ಬಸದಿಯ ಕಲ್ಲುಗಳಿವೆ. ಹೊರಗಿನಿಂದ ಬಂದವರ ಕಣ್ಣಿಗೆ ಇವೆಲ್ಲ ಚಿತ್ರೀಕರಣಕ್ಕೆ ಹೇಳಿಮಾಡಿಸಿದ ಹಿನ್ನೆಲೆ. ಊರವರಿಗೆ ಅದೇ ಕಲ್ಲಿನ ಬದಿಯಲ್ಲಿ ಶಾಲೆಗೆ ಹೋಗುವ ದಾರಿ, ದನ ಕಟ್ಟುವ ಜಾಗ, ಬತ್ತ ಒಣಗಿಸುವ ಬಯಲು. ಹಳೆಯದು ನಿತ್ಯದ ಬದುಕಿನೊಳಗೆ ಬೆರೆತಿರುವಾಗ ಅದರ ಮೇಲೆ ಅತಿಯಾದ ಮೋಹವೂ ಹುಟ್ಟುವುದಿಲ್ಲ, ಅಸಡ್ಡೆ ತಾಳಿದರೆ ಏನು ಹೋಗುತ್ತದೆಂಬ ಅರಿವೂ ತಪ್ಪುವುದಿಲ್ಲ. ಕಳೆದ ಕಾಲವನ್ನು ತೆರೆಗೆ ತರುವ ಕಲಾವಿದನಿಗೆ ಬೇಕಾದುದು ಈ ಬಗೆಯ ಸಲಿಗೆಯ ಗೌರವ.

ನೋಡುವವರಾದ ನಮಗೂ ಒಂದು ಕೆಲಸವಿದೆ. ಹಳೆಯ ಕಾಲದ ಧಾರಾವಾಹಿಯೊಂದು ಮನೆಯಲ್ಲಿ ಓಡುತ್ತಿರುವಾಗ, ಎಂಬತ್ತು ದಾಟಿದ ಹಿರಿಯರೊಬ್ಬರು ಮೂಲೆಯಲ್ಲಿ ಕೂತು ನೋಡುತ್ತಿರುವುದುಂಟು. ‘ಇದು ಹೀಗಲ್ಲ’ ಎಂದು ಅವರು ನಡುವೆ ಬಾಯಿ ಹಾಕುವುದೂ ಉಂಟು. ಆಗ ಸದ್ದು ಮಾಡಬೇಡಿರೆಂದು ಅವರನ್ನು ಸುಮ್ಮನಿರಿಸುವ ಬದಲು, ಹಾಗಾದರೆ ಹೇಗಿತ್ತೆಂದು ಕೇಳಬೇಕು. ಒನಕೆ ಹಿಡಿಯುವುದು ಹೇಗೆ, ಮುಡಿ ಕಟ್ಟುವುದು ಹೇಗೆ, ನಟ್ಟಿಯ ದಿನ ಗಂಜಿ ಎಷ್ಟು ಹೊತ್ತಿಗೆ ಬರುತ್ತಿತ್ತು, ಒಳಗೋಣೆಯಲ್ಲಿ ಕೂತಿದ್ದವರು ಯಾರು, ಅವರನ್ನು ಏನೆಂದು ಕರೆಯುತ್ತಿದ್ದರು ಎಂದೆಲ್ಲ ಕೇಳಬೇಕು. ಅನಂತರ ಮೂಲ ಕಾದಂಬರಿಯನ್ನು ಕೈಗೆತ್ತಿಕೊಳ್ಳಬೇಕು. ಪರದೆ, ಪುಸ್ತಕ, ಹಿರಿಯರ ಬಾಯಿಮಾತು ಈ ಮೂರೂ ಒಂದನ್ನೊಂದು ತಿದ್ದಲಿ. ಪರದೆ ಉಳಿಯುತ್ತದೆ, ಪುಸ್ತಕವೂ ಉಳಿಯುತ್ತದೆ. ಹೆಚ್ಚು ದಿನ ಉಳಿಯದ ಮೂರನೆಯದನ್ನು ಮೊದಲು ಕೇಳಿಸಿಕೊಳ್ಳುವುದು ಜಾಣತನ.

(ಬಾನುಲಿ ಭಾಷಣ)